ಅಪ್‌ಡೇಟ್: ಬ್ಯಾಟರಿ ಸೋಲಾರ್‌ಗೆ ಕೊನೆಗೂ ಹಾಕಿಸಿದ ಅರ್ಥಿಂಗ್ ತಂತಿ

ಶಿರಸಿ ಹತ್ತಿರದ ನಮ್ಮ ತೋಟದ ಮನೆಯ 48 ವೋಲ್ಟ್ ಸೋಲಾರ್ ವ್ಯವಸ್ಥೆಗೆ 2.5 ಚದರ ಮಿ.ಮೀ. ಅರ್ಥಿಂಗ್ ತಂತಿ ಸಾಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಸಾಲದು ಎಂಬುದು ಈಗ ಖಚಿತ.

ಬ್ಯಾಟರಿಯಿಂದ ಇನ್ವರ್ಟರ್‌ಗೆ 35 ಚದರ ಮಿ.ಮೀ. ತಾಮ್ರದ ಕೇಬಲ್ ಇದೆ, 125 ಆಂಪಿಯರ್ ಫ್ಯೂಸ್ ಇದೆ. ಮುಖ್ಯ ಕೇಬಲ್ 16 ಚದರ ಮಿ.ಮೀ.ವರೆಗಿದ್ದರೆ ಅರ್ಥಿಂಗ್ ತಂತಿಯೂ ಅಷ್ಟೇ, 16ರಿಂದ 35ರವರೆಗೆ 16, ಅದಕ್ಕೂ ಮೇಲಾದರೆ ಅರ್ಧ ಎಂಬ ನಿಯಮದಂತೆ 16 ಹಾಕಿಸಿದೆ. ಲೆಕ್ಕವನ್ನೂ ತಾಳೆ ನೋಡಿದೆ. ದೋಷದ ಕರೆಂಟನ್ನು (ಶಾರ್ಟ್ ಆದಾಗ ಹರಿಯುವ ಆಂಪಿಯರ್) ಅದು ಹರಿಯುವ ಸೆಕೆಂಡುಗಳ ವರ್ಗಮೂಲದಿಂದ ಗುಣಿಸಿ, ಪಿವಿಸಿ ಹೊದಿಕೆಯ ತಾಮ್ರಕ್ಕೆ 143ರಿಂದ ಭಾಗಿಸಬೇಕು. 3000 ಆಂಪಿಯರ್ 0.1 ಸೆಕೆಂಡು ಹರಿದರೆ ಸುಮಾರು 6.6 ಚದರ ಮಿ.ಮೀ. ಬೇಕಾಗುತ್ತದೆ; ಅಂದರೆ 2.5 ಸಾಲದು, 16 ಸಾಕು. ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಸುರಿಯುತ್ತದೆ. ಇದನ್ನು ಮನೆಯ ಸ್ವಿಚ್‌ಬೋರ್ಡಿನ ಅಳತೆಯಲ್ಲಿ ನೋಡುವುದು ಅಪಾಯ.

ಪ್ಯಾನೆಲ್ ಚೌಕಟ್ಟುಗಳಿಗೆ 6 ಚದರ ಮಿ.ಮೀ. ತಂತಿ. ಚೌಕಟ್ಟಿಗೆ ತಾಮ್ರ ನೇರವಾಗಿ ತಾಗಿದರೆ ನಮ್ಮ ಮಳೆಗೆ ಅದರ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಅದಕ್ಕೇ ತವರ ಲೇಪಿತ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ), ಸ್ಟೇನ್‌ಲೆಸ್ ಬೋಲ್ಟ್ ಬಳಸಿದೆವು.

ನನಗೆ ಅತಿ ಮುಖ್ಯವೆನಿಸಿದ ಸಲಹೆ ಬೇರೆ. ಪ್ಯಾನೆಲ್‌ಗೊಂದು, ಮನೆಗೊಂದು ಅರ್ಥಿಂಗ್ ರಾಡ್ ಇದ್ದು ಅವೆರಡನ್ನೂ ಜೋಡಿಸದಿದ್ದರೆ, ಸಿಡಿಲು ಬಿದ್ದಾಗ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಇನ್ವರ್ಟರ್ ಮೂಲಕವೇ ದಾರಿ ಹುಡುಕುತ್ತದೆ. ಹಾಗಾಗಿ ಎರಡನ್ನೂ 16ರ ತಂತಿಯಿಂದ ಬೆಸೆದಿದ್ದೇವೆ. ಡಿಸಿ ಬದಿಯ, ಅಂದರೆ ಪ್ಯಾನೆಲ್ ಕಡೆಯ, ಸರ್ಜ್ ಅರೆಸ್ಟರ್ (ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಮಾತ್ರ ಬಾಕಿ. ಏಪ್ರಿಲ್ ಗುಡುಗಿಗೆ ಮೊದಲು ಅದನ್ನೂ ಹಾಕಿಸುತ್ತೇನೆ.