ಗುರುವಾರ ಕುಬಸಕ್ಕ ಹೋಗೋರು ಎಲ್ಲಾರೂ ಕೇಳ್ರಿ

ಸುಜಾತಾ, ನೀ ಹಾಕಿದ್ದು ಕೇಳಿದ್ನೆವ್ವಾ. ಗುರುವಾರ ತಾಳಿಕೋಟಿಗಿ ಬಸರ ಹೆಣ್ಣಮಗಳ ಕುಬಸಕ್ಕ ಹೋಗಬೇಕು, ಮೊಬೈಲ್‌ನ್ಯಾಗ ವಿಜಯಪುರ ಜಿಲ್ಲಾಕ್ಕ ಹಳದಿ ಬಣ್ಣ ತೋರಸಾಕತ್ತೈತಿ, ಗುಡುಗು ಸಿಡಿಲು ಬಿರುಗಾಳಿ ಅಂತ ಬರದಾರ, ಹೊಳಿ ಹಳ್ಳಕ್ಕ ಪೂರ ಬರ್ತೈತೇನು ದೊಡ್ಡವ್ವಾ, ಹೋಗೂದೋ ಬಿಡೂದೋ ಅಂತ ಕೇಳೀದಿ. ಸಿದ್ದು ನೀನೂ ಕೇಳಪಾ, ಗಾಡಿ ಗೊತ್ತು ಮಾಡಾಂವ ನೀನ ಅದಿ.

ನಮ್ಮೂರ ಹಳ್ಳ ನಿಮಗ ನಾ ಹೇಳೂದು ಬ್ಯಾಡ. ಆದ್ರ ಮಲ್ಲೂ ತೊಡಿಮ್ಯಾಲಿದ್ದಾಗಿನ ಮಾತು ಸಣ್ಣ ಹುಡುಗೂರಿಗಿ ಗೊತ್ತಿಲ್ಲ. ಭರಣಿ ಮಳಿ ದಿನ. ನನ್ನ ತವರಿಂದ ಟಂಟಂನ್ಯಾಗ ಬರಾಕತ್ತಿದ್ವಿ. ನಿಮ್ಮ ದೊಡ್ಡಪ್ಪ ಡ್ರೈವರ್ ಬಾಜೂಕ ಕುಂತಿದ್ರು. ನಮ್ಮ ಮ್ಯಾಲ ಒಂದು ಹನಿ ಬಿದ್ದಿದ್ದಿಲ್ಲ, ದಾರ್ಯಾಗ ಧೂಳ ಏಳತಿತ್ತು. ಪಡುವಲಕ, ಮಹಾರಾಷ್ಟ್ರದ ಜತ್ತ ಕಡೆ, ಮಿಂಚತಿತ್ತು ಅಷ್ಟ. ಹಳ್ಳದ ದಂಡಿಗಿ ಬಂದ್ರ ಪಾದ ಮುಳಗೂ ಅಷ್ಟು ನೀರು. ಡ್ರೈವರ್ ಏನಾಗಲ್ಲ ಇಳಸ್ತೀನಿ ಅಂದ. ನಿಮ್ಮ ದೊಡ್ಡಪ್ಪ ತಡಿಯಪಾ ಅಂದ್ರು. ಮುಂಜಾನೆ ಹೋಗುವಾಗ ಒಣಗಿ ಬಿರಕ ಬಿಟ್ಟಿದ್ದ ಹಳ್ಳ ಅದು. ಈಗ ರಾಡಿ ನೀರು, ಮ್ಯಾಲ ಬುರುಗು, ಜ್ವಾಳದ ಕಣಿಕಿ, ಜಾಲಿ ಮುಳ್ಳಿನ ಕಂಟಿ ತೇಲಿ ಬರಾಕತ್ತಿದ್ವು. ಕಣಿಕಿ ತೇಲಿ ಬಂತಂದ್ರ ಮ್ಯಾಲ ಯಾರದೋ ಹೊಲ ಹೊಕ್ಕು ಬಂದೈತಿ ಅಂತ ಅರ್ಥ.

ಅಷ್ಟರಾಗ ಹಿಂದಿಂದ ಒಬ್ಬ ಹುಡುಗ ಬೈಕ್ ಮ್ಯಾಲ ಬಂದ. ಹೋಗಬ್ಯಾಡೋ ತಮ್ಮಾ ಅಂತ ನಾನ ಕೂಗಿದೆ. ಕೇಳಲಿಲ್ಲ. ನಡು ಹಳ್ಳಕ್ಕ ಹೋಗೂದರಾಗ ನೀರು ಮೊಣಕಾಲಿಗಿ ಬಂತು, ಗಾಡಿ ಬಂದ್ ಬಿತ್ತು, ಕಣ್ಣು ಮುಚ್ಚಿ ತೆಗಿಯೂದರಾಗ ಗಾಡಿ ಇಲ್ಲ, ಹುಡುಗ ಇಲ್ಲ. ಕೆಳಗ ಒಂದು ಜಾಲಿ ಗಿಡ ತಬ್ಕೊಂಡು ಯವ್ವಾ ಯಪ್ಪಾ ಅಂತ ಚೀರತಿದ್ದ. ತ್ವಾಟದ ಮಂದಿ ಹಗ್ಗ ತಂದು ಎಳದ್ರು. ಅಂಗೈ ತುಂಬ ಮುಳ್ಳು ನಟ್ಟಿದ್ವು, ನನ್ನ ಸೆರಗಿನ ಪಿನ್ನಿನಿಂದ ನಾನ ಕುಂತು ತೆಗದೀನಿ. ಗಾಡಿ ಮರದಿನ ಕೆಳಗಿನ ಹೊಲದಾಗ ಸಿಕ್ತು, ಸೈಲೆನ್ಸರ್ ತುಂಬ ಎರಿಮಣ್ಣು.

ಅದಕ ಹೇಳ್ತೀನಿ, ಹಳ್ಳದಾಗ ನೀರು ಹರಿಯುವಾಗ ಗಾಡಿ ಇಳಸಬ್ಯಾಡ್ರಿ. ತಲಿ ಮ್ಯಾಲ ಬಿಸಿಲು ಇದ್ರೂ ಇಳಸಬ್ಯಾಡ್ರಿ.

ಪೂರ ಅಂದಕೂಡ್ಲೆ ನೀವೆಲ್ಲಾ ಆಲಮಟ್ಟಿ ನೋಡ್ತೀರಿ. ಬ್ಯಾಸಗ್ಯಾಗ ಆಲಮಟ್ಟ್ಯಾಗ ನೀರು ಎಲ್ಲಿರ್ತೈತಿ? ಕೃಷ್ಣಾ ಬರೂದು ಮಹಾರಾಷ್ಟ್ರದ ಘಟ್ಟದಾಗ ಮುಂಗಾರು ಹಿಡದು, ಕೊಯ್ನಾ ಡ್ಯಾಮ್ ತುಂಬಿ ನೀರು ಬಿಟ್ಟಾಗ. 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಬಂದಾಗ ಗೋಕಾಕದ ಅಕ್ಕನ ಮನಿಯವರು ದನ ಕರ ಹೊಡಕೊಂಡು, ಕಾಳು ಕಡಿ ಕಟಗೊಂಡು ಹೊಂಟ್ರು, ಅಷ್ಟು ಪುರಸತ್ತು ಸಿಕ್ತು. ಹಳ್ಳ ಹಂಗಲ್ಲ. ಡೋಣಿ ಹೊಳಿನೂ ಹಂಗಲ್ಲ. ಜತ್ತ ಕಡೆ ಹುಟ್ಟಿ ಬರ್ತೈತಿ, ಹೂಳ ತುಂಬಿ ಪಾತ್ರನ ಉಳದಿಲ್ಲ, ಮ್ಯಾಲ ಒಂದು ದೊಡ್ಡ ಮಳಿ ಆದ್ರ ದಂಡಿ ದಾಟಿ ಹೊಲದಾಗ ನಿಂದರತೈತಿ. ಎರಿಭೂಮಿ ಮೊದಲ ಮಳಿ ಬಿರಕಿನ್ಯಾಗ ಕುಡೀತೈತಿ, ಆಮ್ಯಾಲ ಬಾಯಿ ಮುಚ್ಚಿದ ಕೊಡದಂಗ, ಬಿದ್ದಿದ್ದೆಲ್ಲಾ ಹಳ್ಳಕ್ಕ.

ಹವಾಮಾನ ಇಲಾಖೆಯವರು ಭಾರಿ ಮಳಿ ಅನ್ನೂದು 24 ತಾಸಿನ್ಯಾಗ 64.5 ಮಿಲಿಮೀಟರ್ ಮುಟ್ಟಿದ್ರ. ಹಳ್ಳ ತುಂಬಾಕ ಒಂದು ತಾಸು ಸಾಕು. ಮತ್ತ ಜಿಲ್ಲಾಕ್ಕೆಲ್ಲಾ ಹಳದಿ ಹಚ್ಚಿದ್ರೂ ಈ ಅಡ್ಡಮಳಿ ನಾಕೂರಾಗ ಸುರೀತೈತಿ, ಐದನೇ ಊರಾಗ ಧೂಳ. ನಮ್ಮಲ್ಲಿ ಬರಲಿಲ್ಲ, ಸುಳ್ಳು ಹೇಳ್ಯಾರ ಅನಬ್ಯಾಡ್ರಿ. ಹಳದಿ ಅಂದ್ರ ನಿಗಾ ಇಡ್ರಿ ಅಂತ. ಕೇಸರಿ ಬಂದ್ರ ತಯಾರಿರಬೇಕು. ಕೆಂಪು ಬಂದ್ರ ಹೊಂಡೂದ ಬ್ಯಾಡ.

ಮತ್ತೊಮ್ಮೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹರಿಯೂ ಹಳ್ಳಕ್ಕ ಗಾಡಿ ಇಳಸಬ್ಯಾಡ್ರಿ. ಒಂದು ಮೊಳ ನೀರಿನ್ಯಾಗ ಸಣ್ಣ ಕಾರು ತೇಲತೈತಿ. ಒಳಗ ಬಸರ ಹೆಣ್ಣಮಗಳು ಕುಂತಿರ್ತಾಳ.

ಮಳಿ ಮಾತು ಬಂದ್ರ ನನ್ನ ಹೊಟ್ಟಿ ಉರೀತೈತಿ. ಒಂದು ವರ್ಷ ದ್ರಾಕ್ಷಿ ಕಡದು, ಎಣ್ಣಿ ಪೌಡರಿನ ನೀರಾಗ ಎದ್ದಿ, ಮಣೂಕ ಮಾಡಾಕ ಶೆಡ್ಡಿನ ಜಾಳಿಗಿ ಮ್ಯಾಲ ಒಣಗಾಕ ಹರವಿದ್ವಿ. ಇನ್ನೇನು ಇಳಸಬೇಕು, ಸಂಜಿಗಿ ಗಾಳಿ ಎದ್ದು ತಾಡಪತ್ರಿ ಹಾರಸಿ ಒಗೀತು, ಆಣಿಕಲ್ಲು ಬಿದ್ದು ಮಣೂಕ ಎಲ್ಲಾ ತೊಯ್ದು ಕರ್ರಗಾದ್ವು. ಹಾನಿ ಬರಕೊಳ್ಳಾಕ ಬಂದಾಂವ ಏನಂದ ಗೊತ್ತೈತೇನು? ಬಳ್ಳಿ ಮ್ಯಾಲ ಇದ್ದಿದ್ರ ಬೆಳಿ, ಶೆಡ್ಡಿಗಿ ಬಂದ ಮ್ಯಾಲ ಅದು ಬೆಳಿ ಅಲ್ಲ ಅಂದ. ಬಾಳಿಲ್ಲದ ಪತರಾ ಮನಿ ಬರಕೊಂಡ, ನಮ್ಮ ವರ್ಷದ ದುಡಿಮಿ ಬರಕೊಳ್ಳಲಿಲ್ಲ. ನಿಮ್ಮ ದೊಡ್ಡಪ್ಪ ಅರ್ಜಿ ಹಿಡಕೊಂಡು ತಿರಗಿ ತಿರಗಿ ಚಪ್ಪಲಿ ಸವಸಿದ್ರು. ಮನ್ಯಾಗಿನವರೂ ಯಾರೂ ಬೆನ್ನಿಗಿ ನಿಂದರಲಿಲ್ಲ. ಯಾರಂತ ಈಗ ಹೆಸರು ತೆಗಿಯೂದಿಲ್ಲ, ಈ ಗ್ರೂಪಿನ್ಯಾಗ ಅದಾರ, ಕೇಳಾಕತ್ತಾರ.

ಸುಜಾತಾ ಕೇಳಿದ್ದು ಅಲ್ಲೇ ಉಳೀತು ನೋಡು. ಕುಬಸ ಬಿಡಬ್ಯಾಡ್ರಿ, ಹೋಗ್ರಿ. ಮುಂಜಾನೆ ಲಗೂನ ಬಿಡ್ರಿ. ಈ ಮೋಡ ಬಿಸಿಲು ಕಾದ ಮ್ಯಾಲ, ಮಧ್ಯಾಹ್ನ ಮೂರರ ಸುಮಾರಿಗಿ ಏಳ್ತಾವ. ಅಷ್ಟರಾಗ ಉಡಿ ತುಂಬಿ ಉಂಡು ತಿರಗಿ ಬರ್ರಿ, ಆಗದಿದ್ರ ರಾತ್ರಿ ಅಲ್ಲೇ ವಸ್ತಿ ಇರ್ರಿ. ಹೊಂಡೂಕಿಂತ ಮೊದಲ ಮೂರು ತಾಸಿನ ಮುನ್ಸೂಚನಿ ಅಂತ ಬ್ಯಾರೆ ಹಾಕ್ತಾರ, ಅದನ್ನ ನೋಡ್ರಿ, ಹಿಂದಿನ ದಿನದ್ದು ನೋಡಿ ಕುಂದರಬ್ಯಾಡ್ರಿ. ಸಿಡಿಲು ಎಲ್ಲಿ ಬೀಳಾಕತ್ತೈತಿ ಅಂತ ದಾಮಿನಿ ಆಪ್‌ನ್ಯಾಗ ಕಾಣತೈತಿ, ಮಲ್ಲೂ ಹಾಕಿ ಕೊಡ್ತಾನ. ಹತ್ರ ಆಕ್ಕತಿ ಅಂತ ಹಡಗಿನಾಳದ ನೆಲಮಟ್ಟದ ಬ್ರಿಜ್ ಕಡೆ ಹೋಗಬ್ಯಾಡ್ರಿ, ಡೋಣಿ ಬಂದ್ರ ಮೊದಲ ಮುಳಗೂದ ಅದು. ದಾರ್ಯಾಗ ಗುಡುಗು ಹತ್ತಿದ್ರ ಬೇವಿನ ಗಿಡದ ಕೆಳಗ ನಿಂದರಬ್ಯಾಡ್ರಿ, ಕಾಚು ಏರಿಸಿ ಕಾರಿನ್ಯಾಗ ಕುಂದರ್ರಿ, ಕಡೀ ಗುಡುಗು ಕೇಳಿ ಅರ್ಧ ತಾಸು ಆಗೂತನಕ ಇಳೀಬ್ಯಾಡ್ರಿ. ಎಲ್ಲ್ಯರ ಸಿಕ್ಕೊಂಡ್ರ 1077ಕ್ಕ ಹಚ್ಚರಿ, ಜಿಲ್ಲಾದ ಸಹಾಯವಾಣಿ ಅದು.

ಸಿದ್ದು, ಡ್ರೈವರ್ ನಂಬರ್ ನನಗ ಬ್ಯಾರೆ ಕಳಸು. ಬುಧವಾರ ರಾತ್ರಿ ಅವನ ಕೂಡ ನಾನ ಮಾತಾಡ್ತೀನಿ.