ಸಿಇಟಿ ಬೀಜಗಣಿತ: ಲೆಕ್ಕ ಬರುತ್ತದೆ, ಟೈಮ್ ಸಾಲುತ್ತಿಲ್ಲ

ಡೊಂಬಿವಲಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಬಾರಾವಿ (ಹನ್ನೆರಡನೇ) ಸೈನ್ಸ್, ಮಹಾರಾಷ್ಟ್ರ ಸಿಇಟಿಗೆ ಓದುತ್ತಿದ್ದೇನೆ. ಹತ್ತನೇವರೆಗೆ ಕನ್ನಡ ಮಾಧ್ಯಮ. ವರ್ಗ ಸಮೀಕರಣ ಅಂದರೆ ತಟ್ಟನೆ ಹೊಳೆಯುತ್ತದೆ, ಕ್ವಾಡ್ರಾಟಿಕ್ ಅಂದರೆ ಈಗಲೂ ಒಂದು ಕ್ಷಣ ಬೇಕು. ಗಣಿತದ ಪೇಪರ್ ಬರುವುದು ಇಂಗ್ಲಿಷ್‌ನಲ್ಲೇ, ಅದಕ್ಕೆ ಏನೂ ಮಾಡುವ ಹಾಗಿಲ್ಲ.

ಆದರೆ ದೊಡ್ಡ ತಲೆನೋವು ಭಾಷೆ ಅಲ್ಲ. ಮನೆಯಲ್ಲಿ ನಿಧಾನವಾಗಿ ಕೂತು ಮಾಡಿದರೆ ಹತ್ತಕ್ಕೆ ಒಂಬತ್ತು ಸರಿ. 90 ನಿಮಿಷ ಟೈಮರ್ ಇಟ್ಟು 50 ಲೆಕ್ಕಕ್ಕೆ ಕೂತರೆ 31, 32 ಮುಟ್ಟುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ, ಅದರಲ್ಲೂ ಏಳೆಂಟು ತಪ್ಪು.

ನಿನ್ನೆಯದು ನೋಡಿ. ಎಕ್ಸ್² − 6ಎಕ್ಸ್ + 4 = 0 ಸಮೀಕರಣದ ಮೂಲಗಳು ಆಲ್ಫಾ, ಬೀಟಾ. ಅವುಗಳ ವರ್ಗಗಳ ಮೊತ್ತ ಎಷ್ಟು? ಸೂತ್ರ ಹಾಕಿ 3 + √5, 3 − √5 ತೆಗೆದೆ, ಎರಡನ್ನೂ ವರ್ಗ ಮಾಡಿದೆ, ಕೂಡಿದೆ, ನಾಲ್ಕು ನಿಮಿಷ ಹೋಯಿತು, ಬಂದದ್ದು 18. ತಪ್ಪು. ಆಯ್ಕೆಗಳಲ್ಲಿ 18 ಇತ್ತು ಬೇರೆ!

ಗೆಳೆಯರು ದಿನಕ್ಕೆ ನೂರು ಲೆಕ್ಕ ಮಾಡು ಅನ್ನುತ್ತಾರೆ. ಅಪ್ಪನದು ಹೋಟೆಲ್ ಕೆಲಸ, ಕ್ಲಾಸಿಗೆ ಲಕ್ಷಗಟ್ಟಲೆ ಕಟ್ಟಲು ಆಗುವುದಿಲ್ಲ. ಯಾರಾದರೂ ದಾರಿ ಹೇಳಿ.

ಕೋಥ್ರೂಡ್ ಮೇಷ್ಟ್ರು:
ತಮ್ಮಾ, ನೂರು ಲೆಕ್ಕ ಬೇಡ. ಒಂದೇ ತಪ್ಪನ್ನು ನೂರು ಸಲ ಮಾಡಿದರೆ ಅದೇ ಗಟ್ಟಿಯಾಗುತ್ತದೆ ಅಷ್ಟೇ.

ನೀನು ಮೂಲಗಳನ್ನು ಹುಡುಕಲು ಹೋದದ್ದೇ ಮೊದಲ ತಪ್ಪು. ಅವರು ಕೇಳಿದ್ದು ಮೂಲಗಳನ್ನಲ್ಲ, ಅಲ್ವಾ? ಸಮೀಕರಣ ನೋಡಿದ ಕೂಡಲೇ ಮೂಲಗಳ ಮೊತ್ತ 6, ಗುಣಲಬ್ಧ 4 ಅಂತ ಕಾಣುತ್ತದೆ. ಮೊತ್ತದ ವರ್ಗದಲ್ಲಿ ಗುಣಲಬ್ಧದ ಎರಡರಷ್ಟನ್ನು ಕಳೆ. 36 − 8 = 28. ಇಪ್ಪತ್ತು ಸೆಕೆಂಡಿನ ಕೆಲಸ. ನಿನ್ನ 18 ಎಲ್ಲಿಂದ ಬಂತು ಅಂತ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ: 3 − √5ರ ವರ್ಗ ಮಾಡುವಾಗ ಕೊನೆಯ 5ಕ್ಕೂ ಮೈನಸ್ ಹಾಕಿದ್ದೀಯ, 14 ಆಗಬೇಕಾದ ಕಡೆ 4 ಆಗಿದೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು, ಅದಕ್ಕೇ 18 ನಿನಗಾಗಿ ಅಲ್ಲಿ ಕಾದು ಕೂತಿತ್ತು.

50 ಲೆಕ್ಕಕ್ಕೆ 90 ನಿಮಿಷ ಅಂದರೆ ಒಂದಕ್ಕೆ 108 ಸೆಕೆಂಡು. 50ರಲ್ಲಿ 40 ಬರುವುದು ಬಾರಾವಿಯಿಂದ, 10 ಮಾತ್ರ ಹನ್ನೊಂದನೆಯದರಿಂದ. ಹಾಗಾಗಿ ಬಾರಾವಿಯಲ್ಲಿ ಬರುವ ಮ್ಯಾಟ್ರಿಕ್ಸ್ ಮೊದಲು ಗಟ್ಟಿ ಮಾಡಿಕೋ. ಮೂರು ಸಾಲಿನ ಮ್ಯಾಟ್ರಿಕ್ಸಿನ ವಿಲೋಮ ಕೇಳಿದರೆ ಒಂಬತ್ತೂ ಅಂಕಿ ಕಂಡುಹಿಡಿಯುತ್ತಾ ಕೂರಬೇಡ. ಕೊಟ್ಟ ಮ್ಯಾಟ್ರಿಕ್ಸಿನ ಮೊದಲ ಸಾಲನ್ನು ಆಯ್ಕೆಯ ಮೊದಲ ಕಂಬದಿಂದ (ಕಾಲಮ್) ಗುಣಿಸಿ ಕೂಡು, 1 ಬರಬೇಕು. ಬರದಿದ್ದರೆ ಆ ಆಯ್ಕೆ ಔಟ್. ಉಳಿದವುಗಳ ಅದೇ ಮೊದಲ ಕಂಬವನ್ನು ಎರಡನೇ ಸಾಲಿಂದ ನೋಡು, ಅಲ್ಲಿ 0 ಬರಬೇಕು. ಸಾಮಾನ್ಯವಾಗಿ ಅಷ್ಟರಲ್ಲಿ ಒಂದೇ ಉಳಿಯುತ್ತದೆ.

ಒಂದು ತೆಳ್ಳನೆಯ ವಹಿ ಇಟ್ಟುಕೋ. ತಪ್ಪಾದ ಲೆಕ್ಕ ಮಾತ್ರ ಅದರಲ್ಲಿ. ಪೂರ್ತಿ ಉತ್ತರ ಬರೆಯಬೇಡ, ಯಾವ ಸಾಲಿನಲ್ಲಿ ಕಾಲು ಜಾರಿತು ಅಷ್ಟೇ ಬರೆ.

ವಾಸ್ಕೋದವಳು:
ಮೇಷ್ಟ್ರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು. ಆಯ್ಕೆ ನೋಡಿ ಹಿಂದಿನಿಂದ ಬರುವುದನ್ನೇ ರೂಢಿ ಮಾಡಿಕೊಂಡು ನಾನು ಜೆಇಇ ಮೇನ್‌ನಲ್ಲಿ ಪೆಟ್ಟು ತಿಂದೆ. ಅಲ್ಲಿ ಗಣಿತದ 25ರಲ್ಲಿ 5ಕ್ಕೆ ಆಯ್ಕೆಗಳೇ ಇಲ್ಲ, ಸಂಖ್ಯೆ ನಾವೇ ಟೈಪ್ ಮಾಡಬೇಕು. ತಮ್ಮ, ನೀನು ಅದನ್ನೂ ಬರೆಯುವವನಾದರೆ ವಾರದಲ್ಲಿ ಎರಡು ದಿನವಾದರೂ ಆಯ್ಕೆ ಮುಚ್ಚಿಟ್ಟು ಮಾಡು. ಮತ್ತೆ, ಸಿಇಟಿಯಲ್ಲಿ ತಪ್ಪಿಗೆ ಮಾರ್ಕ್ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡ. 32 ಮುಟ್ಟಿ ಉಳಿದ 18 ಬಿಟ್ಟು ಎದ್ದು ಬರುತ್ತೀಯಲ್ಲ, ಪ್ರತಿಯೊಂದಕ್ಕೂ 2 ಮಾರ್ಕ್, ಅಂದರೆ 36 ಮಾರ್ಕಿನ ಕಡೆ ನೋಡುವುದೂ ಇಲ್ಲ. ಮೊದಲ ಸುತ್ತಿನಲ್ಲಿ ಕಷ್ಟದ್ದನ್ನು ದಾಟಿಕೊಂಡು ಕೊನೆವರೆಗೆ ಹೋಗಿ ಬಾ.

ಡೊಂಬಿವಲಿ ಹುಡುಗ:
28 ನೋಡಿ ನನಗೆ ನಾಚಿಕೆಯಾಯಿತು, ಮೇಷ್ಟ್ರೇ. ಇನ್ನೊಂದು ಕೇಳುತ್ತೇನೆ. ಇಂಗ್ಲಿಷ್‌ನಲ್ಲಿ ಮುಂಬೈ ಅಂತ ಬರೆದರೆ ಆರು ಅಕ್ಷರ. ಎರಡು ಎಮ್ ಪಕ್ಕಪಕ್ಕ ಬರದ ಹಾಗೆ ಎಷ್ಟು ರೀತಿ ಜೋಡಿಸಬಹುದು? ನಾನು 720 − 120 = 600 ಅಂದೆ. ಉತ್ತರ 240 ಅಂತೆ. ಯಾಕೆ?

ಕೋಥ್ರೂಡ್ ಮೇಷ್ಟ್ರು:
120 ಸರಿ ಇದೆ, 720 ತಪ್ಪು. ಎರಡು ಎಮ್ ಒಂದೇ ಥರ ಇವೆ, ಅದಲು ಬದಲು ಮಾಡಿದರೆ ಹೊಸ ಜೋಡಣೆ ಆಗುವುದಿಲ್ಲ. ಒಟ್ಟು 720 ಭಾಗಿಸು 2, ಅಂದರೆ 360. ಅದರಲ್ಲಿ 120 ಹೋದರೆ 240. ವಹಿಗೆ ಹಾಕು.

ಬದ್ಲಾಪುರ ಅಣ್ಣ:
ನಾನು ಓದಿದ್ದೆಲ್ಲ ಲೋಕಲ್ ರೈಲಿನಲ್ಲೇ. ಬೆಳಗಿನ ಗರ್ದಿಯಲ್ಲಿ ಪೆನ್ನು ತೆಗೆಯಲು ಜಾಗ ಎಲ್ಲಿ, ಒಂದು ಕೈ ಹಿಡಿಕೆಗೆ, ಇನ್ನೊಂದು ಮೊಬೈಲಿಗೆ. ಅದಕ್ಕೆ ಒಂದು ಉಪಾಯ ಮಾಡಿದ್ದೆ. ಲೆಕ್ಕ ಓದುವುದು, ಮೊದಲ ಹೆಜ್ಜೆ ಏನು ಅಂತ ಮನಸ್ಸಲ್ಲಿ ಹೇಳಿಕೊಳ್ಳುವುದು, ಬಿಡಿಸದೆ ಮುಂದಿನದಕ್ಕೆ ಹೋಗುವುದು. ಠಾಣೆ ದಾಟುವಷ್ಟರಲ್ಲಿ ಹದಿನೈದು ಇಪ್ಪತ್ತು ಆಗುತ್ತಿತ್ತು. ಕೆಲವು ಬಾಯಲ್ಲೇ ಮುಗಿಯುತ್ತವೆ. ಕಾಂಪ್ಲೆಕ್ಸ್ ನಂಬರಿನಲ್ಲಿ ಐ ಘಾತ 2026 ಎಷ್ಟು? ಕೊನೆಯ 26ನ್ನು 4ರಿಂದ ಭಾಗಿಸು, ಶೇಷ 2, ಉತ್ತರ −1. ಇದಕ್ಕೆ ಪೆನ್ನು ಯಾಕೆ? ಪಕ್ಕದಲ್ಲಿ ನಿಂತವರು ನನ್ನ ತುಟಿ ಅಲ್ಲಾಡುವುದು ನೋಡಿ ಜಪ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು.

ಡೊಂಬಿವಲಿ ಹುಡುಗ:
ಹತ್ತು ದಿನ ಆಯಿತು, ಹೇಳೋಣ ಅಂತ ಬಂದೆ. ಇವತ್ತಿನ ಮಾಕ್ ಟೆಸ್ಟ್‌ನಲ್ಲಿ 43 ಬಿಡಿಸಿದೆ, ಉಳಿದ 7ಕ್ಕೆ ಸುಮ್ನೆ ಟಿಕ್. ಬಿಡಿಸಿದ್ದರಲ್ಲಿ ತಪ್ಪು ಆರು. ವಹಿಯಲ್ಲಿ ಬರೆಯುವಾಗ ನೋಡಿದರೆ ಆರರಲ್ಲಿ ನಾಲ್ಕು ಮೈನಸ್‌ನದೇ.

ಕೋಥ್ರೂಡ್ ಮೇಷ್ಟ್ರು:
ಆ ನಾಲ್ಕನ್ನೂ ಇಲ್ಲಿ ಹಾಕು, ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.