ಹಳೇ ಪೇಪರ್ ಕಟಿಂಗ್ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದರೆ ಫೋಟೋ ತುಂಬಾ ಚೌಕಳಿ ಕಾಣ್ತಿದೆ, ಸಹಾಯ ಬೇಕು (ಬಗೆಹರಿದಿದೆ)

ಬೇತ್ರಿ ಹೊಳೆ

ಎಲ್ಲರಿಗೂ ನಮಸ್ಕಾರ. ನಮ್ಮ ಒಕ್ಕದ (ಕೊಡವ ಮನೆತನದ) ಬಗ್ಗೆ ಒಂದು ಚಿಕ್ಕ ವೆಬ್‌ಸೈಟ್ ಮಾಡ್ತಾ ಇದ್ದೀನಿ. ಐನ್‌ಮನೆ (ಮನೆತನದ ಮೂಲಮನೆ) ಫೋಟೋ, ವಂಶವೃಕ್ಷ, ಹಿರಿಯರು ಹೇಳಿದ ನಾಲ್ಕು ಮಾತು, ಅಷ್ಟೇ. ಎಚ್‌ಟಿಎಂಎಲ್ ನಾನೇ ಕಲಿತುಕೊಂಡು ನೋಟ್‌ಪ್ಯಾಡಿನಲ್ಲಿ ಬರೆದಿದ್ದು.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರಲ್ಲ, ಆ ಮೊದಲ ವರ್ಷವೇ ನಮ್ಮ ಟೀಮೂ ಆಡಿತ್ತು. ಅಪ್ಪ ಗೋಲ್ ಕೀಪರ್. ಆಗ ಪೇಪರಿನಲ್ಲಿ ಟೀಮಿನ ಫೋಟೋ ಬಂದಿತ್ತು. ಅಪ್ಪ ಹಾಕಿ ಆಡ್ತಿದ್ದ ಕಾಲದ ಚಿತ್ರ ಅಂತ ನಮ್ಮನೆಯಲ್ಲಿ ಉಳಿದಿರೋದು ಆ ಕಟಿಂಗ್ ಒಂದೇ. ಮುಂದಿನ ಸಾಲಿನಲ್ಲಿ ಪ್ಯಾಡ್ ಕಟ್ಟಿಕೊಂಡು ಕೂತಿದ್ದಾರೆ. ಮುಖ ಒಂದು ಕಾಫಿ ಬೀಜದಷ್ಟಿದೆ.

ವಿರಾಜಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಈಗ ಮೂರು ತೊಂದರೆ.

ಮೊದಲನೇದು, ಫೋಟೋ ತುಂಬಾ ಚೌಕಳಿ ಲುಂಗಿ ಥರ ಗೆರೆ. ಕಟಿಂಗನ್ನು ಕೈಯಲ್ಲಿ ಹಿಡಿದು ನೋಡಿದರೆ ಅಂಥದ್ದೇನೂ ಇಲ್ಲ. ಎರಡನೇದು, ಪೇಪರಿನ ಹಿಂದಿನ ಪುಟದ ಅಕ್ಷರ ಈ ಕಡೆಗೆ ಕಾಣುತ್ತೆ. ಹಿಂದೆ ಕಾಳುಮೆಣಸು, ಏಲಕ್ಕಿ ಧಾರಣೆ ಅಚ್ಚಾಗಿದೆ, ಅದರ ಒಂದು ಸಾಲು ಅಪ್ಪನ ಹಣೆ ಮೇಲೇ ಹಾದುಹೋಗಿದೆ. ಮೂರನೇದು, ನನ್ನ ಕಂಪ್ಯೂಟರಿನಲ್ಲಿ ಪುಟ ತೆಗೆದರೆ ಚಿತ್ರ ಬರುತ್ತೆ, ಸರ್ವರಿಗೆ ಹಾಕಿದ ಮೇಲೆ ಮುರಿದ ಚಿತ್ರದ ಗುರುತು ಮಾತ್ರ ಬರುತ್ತೆ. ಚಿತ್ರವನ್ನೇ ನೇರವಾಗಿ ಮೈಸೂರಿನಲ್ಲಿರೋ ತಮ್ಮನ ಫೋನಿಗೆ ಕಳಿಸಿದೆ, ಅವನಿಗೂ ಅದೇ ಚೌಕಳಿ ಕಂಡಿತಂತೆ.

ಅಪ್ಪನಿಗೆ ಈ ಪುಟ ತೋರಿಸಬೇಕು ಅಂತ ಬಹಳ ಆಸೆ. ಗೊತ್ತಿರೋರು ದಯವಿಟ್ಟು ಹೇಳಿ.

ಮಂಜಿನ ಮಡಿಕೇರಿ

ಮೂರನೇದಕ್ಕೆ ಉತ್ತರ ಸುಲಭ ಅಕ್ಕ. ಫೈಲಿನ ಹೆಸರು ಅಕ್ಷರಕ್ಕೆ ಅಕ್ಷರ ಏನಿದೆ, ಕೋಡಿನಲ್ಲಿ ಏನು ಬರೆದಿದ್ದೀರಿ?

ಚೌಕಳಿಗೆ 1200 ಡಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್) ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಇಲ್ಲಾ ಅಂದರೆ ಫೋನಿನಲ್ಲಿ ಹಳೇ ಫೋಟೋ ಸರಿಮಾಡೋ ಎಐ ಆ್ಯಪ್‌ಗಳಿವೆ, ಒಂದೇ ಒತ್ತಿಗೆ ಮುಖ ಫಳಫಳ ಅನ್ನುತ್ತೆ.

ಬೇತ್ರಿ ಹೊಳೆ

ಫೈಲಿನ ಹೆಸರು ಕರಡ, ಒಂದು ಸ್ಪೇಸ್, 1997, ಆಮೇಲೆ ಡಾಟ್ ಜೆಪಿಜಿ. ಹೆಸರು ಇಂಗ್ಲಿಷಿನಲ್ಲೇ ಇದೆ. ಫೈಲಿನಲ್ಲಿ ಮೊದಲಕ್ಷರವೂ ಕೊನೆಯ ಜೆಪಿಜಿಯೂ ದೊಡ್ಡಕ್ಷರ. ಕೋಡಿನಲ್ಲಿ ನಾನು ಎಲ್ಲಾ ಚಿಕ್ಕಕ್ಷರದಲ್ಲಿ ಬರೆದಿದ್ದೀನಿ. ಅದರಿಂದ ವ್ಯತ್ಯಾಸ ಆಗುತ್ತಾ?

ಮಂಜಿನ ಮಡಿಕೇರಿ

ಅದೇ ಸಮಸ್ಯೆ. ವಿಂಡೋಸ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್, ಅದಕ್ಕೆ ಅವು ಬೇರೆಬೇರೆ ಫೈಲು. ಅದಕ್ಕೇ ಮನೆಯಲ್ಲಿ ಕಂಡದ್ದು ಹೊರಗೆ ಕಾಣ್ತಿಲ್ಲ. ಹೆಸರನ್ನು ಪೂರ್ತಿ ಚಿಕ್ಕಕ್ಷರ ಮಾಡಿ, ಸ್ಪೇಸ್ ತೆಗೆದು ಅಡ್ಡಗೆರೆ ಹಾಕಿ, ಕೋಡಿನಲ್ಲೂ ಹಾಗೇ ಬರೆಯಿರಿ. ಮುಂದೆ ಎಷ್ಟು ಚಿತ್ರ ಹಾಕಿದರೂ ಇದೇ ಅಭ್ಯಾಸ ಇಟ್ಟುಕೊಳ್ಳಿ.

ಹಳೇ ಕಾಗದ

ನಾನು ಮೈಸೂರಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ಲೇಟ್ ಮಾಡಿದವನು. ಈಗ ಕುಶಾಲನಗರದಲ್ಲಿದ್ದೇನೆ. ಆ ಚೌಕಳಿಯನ್ನು ಕಂಡರೆ ನನಗೆ ಹಳೆಯ ಪರಿಚಯದವರನ್ನು ಕಂಡ ಹಾಗೆ.

ನೋಡಮ್ಮ, ಮೊದಲು ಒಂದು ಮಾತು. ಎಐ ಆ್ಯಪ್‌ಗೆ ಆ ಕಟಿಂಗ್ ಕೊಡಬೇಡ. ಕಾಫಿ ಬೀಜದಷ್ಟು ಮುಖದಲ್ಲಿ ಇರುವುದೇ ಕೆಲವು ನೂರು ಚುಕ್ಕಿ. ಅದರಲ್ಲಿ ಇಲ್ಲದ ಕಣ್ಣು, ಇಲ್ಲದ ಹುಬ್ಬನ್ನು ಆ ಆ್ಯಪ್ ತಾನೇ ಊಹಿಸಿ ತುಂಬುತ್ತದೆ. ಬರುವ ಮುಖ ಚೆನ್ನಾಗಿಯೇ ಇರಬಹುದು, ಆದರೆ ಅದು ನಿಮ್ಮಪ್ಪನದಲ್ಲ. ನಾಳೆ ಮೊಮ್ಮಕ್ಕಳು ಅದನ್ನೇ ಅಜ್ಜ ಅಂದುಕೊಳ್ಳುತ್ತಾರೆ.

ಈಗ ಚೌಕಳಿಯ ವಿಷಯ. ಪೇಪರಿನ ಮೆಷಿನ್ನಿಗೆ ಬೂದು ಬಣ್ಣ ಅಚ್ಚು ಹಾಕಲು ಬರುವುದಿಲ್ಲ. ಇರುವುದು ಕಪ್ಪು ಇಂಕ್ ಒಂದೇ. ಅದಕ್ಕೆ ಫೋಟೋವನ್ನು ಚುಕ್ಕಿಗಳಾಗಿ ಒಡೆಯುತ್ತಿದ್ದೆವು. ಕತ್ತಲಿರುವ ಕಡೆ ದಪ್ಪ ಚುಕ್ಕಿ, ಬೆಳಕಿರುವ ಕಡೆ ಸಣ್ಣ ಚುಕ್ಕಿ. ಕಪ್ಪು-ಬಿಳುಪು ಚಿತ್ರವಾದರೆ ಸಾಲುಗಳನ್ನು 45 ಡಿಗ್ರಿ ವಾಲಿಸುತ್ತಿದ್ದೆವು, ಹಾಗೆ ಮಾಡಿದರೆ ಕಣ್ಣಿಗೆ ಸಾಲು ಗೊತ್ತಾಗುವುದಿಲ್ಲ. ನ್ಯೂಸ್‌ಪ್ರಿಂಟ್ ಇಂಕ್ ಹೀರುವ ಒರಟು ಕಾಗದ, ತೀರಾ ಸಣ್ಣ ಚುಕ್ಕಿ ಅದರಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ಹಾಗಾಗಿ ಪೇಪರಿಗೆ ಇಂಚಿಗೆ ಸುಮಾರು 85 ಚುಕ್ಕಿ ಸಾಲಿನ ಸ್ಕ್ರೀನ್ ಬಳಕೆಯಲ್ಲಿತ್ತು. ಒಂದು ಭೂತಗನ್ನಡಿ ಹಿಡಿದು ನಿಮ್ಮಪ್ಪನ ಪ್ಯಾಡ್ ನೋಡು. ಬಿಳಿ ಪ್ಯಾಡಿನ ಅಂಚಿನಲ್ಲಿ ರಾಗಿ ಚೆಲ್ಲಿದ ಹಾಗೆ ಚುಕ್ಕಿ ಕಾಣುತ್ತದೆ, ಪ್ಯಾಡಿನ ನಡುವೆ ಅವೇ ಚುಕ್ಕಿ ಇನ್ನೂ ಸಣ್ಣದಾಗಿರುತ್ತವೆ.

ಸ್ಕ್ಯಾನರ್ ಕೂಡ ತನ್ನದೇ ಚೌಕಟ್ಟಿನಲ್ಲಿ ಚುಕ್ಕಿ ಎಣಿಸುತ್ತದೆ. ಅಂಗಡಿಯವರು ಬಹುಶಃ 200 ಡಿಪಿಐ ಇಟ್ಟಿದ್ದಾರೆ. 85 ಸಾಲಿಗೆ 200 ಅಂದರೆ ಒಂದು ಚುಕ್ಕಿಗೆ ಎರಡೂಕಾಲು ಪಿಕ್ಸೆಲ್ ಚಿಲ್ಲರೆ. ಒಂದು ಚುಕ್ಕಿ ಎರಡು ಪಿಕ್ಸೆಲ್ಲಿಗೆ ಬೀಳುತ್ತದೆ, ಇನ್ನೊಂದು ಮೂರಕ್ಕೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದರೆ ಅಲೆ ಅಲೆ ಕಾಣುತ್ತದಲ್ಲ, ಇಲ್ಲಿ ಆಗಿರುವುದೂ ಅದೇ. ಪ್ರೆಸ್ಸಿನಲ್ಲಿ ಇದಕ್ಕೆ ಮೊಯರೆ ಅನ್ನುತ್ತೇವೆ.

ಒಂದು ಪರೀಕ್ಷೆ ಮಾಡು. ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಚಿಕ್ಕದು ಮಾಡುತ್ತಾ ಹೋಗು. ಎಷ್ಟು ಹಿಗ್ಗಿಸಿದರೂ ಚೌಕಳಿ ಅದೇ ಜಾಗದಲ್ಲಿ ಕೂತಿದ್ದರೆ ಅದು ಸ್ಕ್ಯಾನಿನಲ್ಲೇ ಸೇರಿಹೋಗಿದೆ, ಮತ್ತೆ ಸ್ಕ್ಯಾನ್ ಮಾಡದೆ ಬೇರೆ ದಾರಿಯಿಲ್ಲ. ಹಿಗ್ಗಿಸಿದಂತೆಲ್ಲ ಅದರ ಆಕಾರ ಬದಲಾಗುತ್ತಿದ್ದರೆ ಸ್ಕ್ಯಾನ್ ಸರಿಯಿದೆ, ತಪ್ಪಾಗುತ್ತಿರುವುದು ಕುಗ್ಗಿಸಿ ತೋರಿಸುವಾಗ.

ಬೇತ್ರಿ ಹೊಳೆ

ಸರ್, ಅಲ್ಲಾಡೋದೇ ಇಲ್ಲ, ಎಷ್ಟು ದೊಡ್ಡದು ಮಾಡಿದರೂ ಅಲ್ಲೇ ಇದೆ. ಅಂಗಡಿಗೆ ಫೋನ್ ಮಾಡಿ ಕೇಳಿದೆ, 200 ಡಿಪಿಐನೇ ಅಂತೆ. ಹೆಸರು ಬದಲಾಯಿಸಿದ ಮೇಲೆ ಸರ್ವರಿನಲ್ಲಿ ಚಿತ್ರ ಬಂತು, ಮಡಿಕೇರಿಯವರಿಗೆ ಥ್ಯಾಂಕ್ಸ್. ಪಕ್ಕದ ಮನೆಯಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನರ್ ಇದೆ, ನಾಳೆ ಕಟಿಂಗ್ ತಗೊಂಡು ಹೋಗ್ತೀನಿ. ಕಟಿಂಗಿನ ಮಡಿಕೆಗೆ ಯಾರೋ ಸೆಲ್ಲೋಟೇಪ್ ಹಚ್ಚಿದ್ದಾರೆ, ಈಗ ಕಂದು ಬಣ್ಣಕ್ಕೆ ತಿರುಗಿದೆ. ತೆಗೀಬಹುದಾ?

ಹಳೇ ಕಾಗದ

ಕೀಳಬೇಡ. ಅಂಟಿನ ಜೊತೆ ಕಾಗದದ ಪದರವೇ ಎದ್ದು ಬರುತ್ತದೆ, ಅದರ ಮೇಲಿನ ಇಂಕೂ ಹೋಗುತ್ತದೆ. ಇದ್ದ ಹಾಗೇ ಸ್ಕ್ಯಾನ್ ಮಾಡು. ಲ್ಯಾಮಿನೇಶನ್ ಮಾಡಿಸಿ ಅಂತ ಯಾರಾದರೂ ಹೇಳಿದರೂ ಕೇಳಬೇಡ, ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಆಗುವುದಿಲ್ಲ.

ಕಟಿಂಗಿನ ಬೆನ್ನಿಗೆ ಒಂದು ಕಪ್ಪು ಚಾರ್ಟ್ ಪೇಪರ್ ಇಟ್ಟು ಮುಚ್ಚಳ ಹಾಕು. ಮುಚ್ಚಳದ ಒಳಮೈ ಬಿಳಿ. ತೆಳು ಕಾಗದದೊಳಗೆ ನುಗ್ಗಿದ ಬೆಳಕು ಆ ಬಿಳಿಗೆ ತಾಗಿ ವಾಪಸ್ ಬರುತ್ತದೆ, ಹಿಂದಿನ ಅಕ್ಷರದ ನೆರಳನ್ನೂ ಹೊತ್ತು ತರುತ್ತದೆ. ಕಪ್ಪು ಹಾಳೆ ಆ ಬೆಳಕನ್ನು ಅಲ್ಲೇ ನುಂಗಿಬಿಡುತ್ತದೆ. ಚಿತ್ರ ಸ್ವಲ್ಪ ಮಂಕಾಗಿ ಬರುತ್ತದೆ, ಹೆದರಬೇಡ, ಆಮೇಲೆ ಬೆಳಕು ಕತ್ತಲು ಹೊಂದಿಸುವ ಲೆವೆಲ್ಸ್‌ನಲ್ಲಿ ಎತ್ತಿದರೆ ಸರಿಹೋಗುತ್ತದೆ.

600 ಡಿಪಿಐ ಇಡು. ಒಂದು ಚುಕ್ಕಿಗೆ ಏಳು ಪಿಕ್ಸೆಲ್ ಸಿಕ್ಕಿತು, ಅಷ್ಟು ಸಾಕು. 1200 ಇಟ್ಟರೆ ಫೈಲು ನಾಲ್ಕು ಪಟ್ಟು ದಪ್ಪವಾಗುತ್ತದೆ ಹೊರತು ಚುಕ್ಕಿಯೊಳಗೆ ಹೊಸದೇನೂ ಸಿಗುವುದಿಲ್ಲ. ಸ್ಕ್ಯಾನರಿನಲ್ಲಿ ಚುಕ್ಕಿ ಅಳಿಸುವ ಡಿಸ್ಕ್ರೀನ್ ಅಂತ ಆಯ್ಕೆ ಇದ್ದರೂ ಮೊದಲ ಸ್ಕ್ಯಾನಿಗೆ ಅದನ್ನು ಹಾಕಬೇಡ. ಟಿಫ್ ಆಗಿ ಉಳಿಸು, ಜೆಪಿಜಿಯ ಹಾಗೆ ಅದರಲ್ಲಿ ವಿವರ ಕಳೆಯುವುದಿಲ್ಲ. ಅದು ನಿಮ್ಮ ಮನೆಯ ಮೂಲಪ್ರತಿ, ಅದನ್ನು ತಿದ್ದಬಾರದು. ಮುಂದಿನ ಕೆಲಸವೆಲ್ಲ ಅದರ ನಕಲಿನ ಮೇಲೆ. ಕಾಗದ ಹೇಗೂ ಹಳದಿಯಾಗುತ್ತಾ ಹೋಗುತ್ತದೆ, ನ್ಯೂಸ್‌ಪ್ರಿಂಟಿನಲ್ಲಿ ಮರದ ಲಿಗ್ನಿನ್ ಇರುವುದರಿಂದ. ನಿಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಬೇರೆ. ಆ ಟಿಫ್ ಫೈಲನ್ನು ಎರಡು ಕಡೆ ಇಡು.

ಬೇತ್ರಿ ಹೊಳೆ

ಎರಡು ದಿನ ಕರೆಂಟ್ ಇರಲಿಲ್ಲ, ಅದಕ್ಕೆ ತಡ. 600ರಲ್ಲಿ ಮಾಡಿದೆ. ಕಪ್ಪು ಹಾಳೆ ಇಟ್ಟಿದ್ದಕ್ಕೆ ಮೆಣಸಿನ ರೇಟು ಅಪ್ಪನ ಹಣೆಯಿಂದ ಹೊರಟೇಹೋಯ್ತು! ಪೂರ್ತಿ ಸೈಜಿನಲ್ಲಿ ತೆಗೆದರೆ ಚುಕ್ಕಿ ಮಾತ್ರ ಕಾಣುತ್ತೆ, ಚೌಕಳಿ ಇಲ್ಲ.

ಆದರೆ ಜೆಪಿಜಿ ಮಾಡಿ ಸೈಟಿಗೆ ಹಾಕಿದ ಮೇಲೆ ಚೌಕಳಿ ಮತ್ತೆ ಬಂತು. ಲ್ಯಾಪ್‌ಟಾಪಿನಲ್ಲಿ ಒಂದು ಥರ, ಫೋನಿನಲ್ಲಿ ಇನ್ನೊಂದು ಥರ. ಈ ಸಲ ಹಿಗ್ಗಿಸಿದರೆ ಬದಲಾಗುತ್ತೆ. ಕಟಿಂಗ್ 5 ಇಂಚು ಅಗಲ, ಚಿತ್ರ 3000 ಪಿಕ್ಸೆಲ್, ಪುಟದಲ್ಲಿ ಅಗಲ 600 ಅಂತ ಕೊಟ್ಟಿದ್ದೀನಿ. ಫೈಲು 8 ಎಂಬಿ ಇದೆ. ತೋಟದ ಮನೆಯಲ್ಲಿ ಒಂದೇ ಕಡ್ಡಿ ನೆಟ್‌ವರ್ಕು, ತೆರೆಯೋಕೆ ಯುಗ ಹಿಡಿಯುತ್ತೆ.

ಹಳೇ ಕಾಗದ

ಉತ್ತರ ನೀನೇ ಕೊಟ್ಟಿದ್ದೀಯ. 5 ಇಂಚಿನ ಚಿತ್ರವನ್ನು 600 ಪಿಕ್ಸೆಲ್ಲಿಗೆ ಕುಗ್ಗಿಸಿದರೆ ಇಂಚಿಗೆ 120 ಪಿಕ್ಸೆಲ್. 85 ಸಾಲು ಚುಕ್ಕಿ ಸರಿಯಾಗಿ ಕೂರಬೇಕಾದರೆ ಕನಿಷ್ಠ ಅದರ ಎರಡರಷ್ಟು, ಅಂದರೆ 170 ಬೇಕು. ಅಂಗಡಿಯ ಸ್ಕ್ಯಾನರ್ ಮಾಡಿದ ತಪ್ಪನ್ನೇ ಈಗ ಬ್ರೌಸರ್ ಮಾಡುತ್ತಿದೆ. ಪರದೆಗೊಂದು ಅಗಲ ಆದ್ದರಿಂದ ಚೌಕಳಿಯೂ ಪರದೆಗೊಂದು ಥರ.

ಕುಗ್ಗಿಸುವ ಕೆಲಸವನ್ನು ಬ್ರೌಸರಿಗೆ ಬಿಡದೆ ನಾವೇ ಮಾಡಬೇಕು. ಕುಗ್ಗಿಸುವ ಮೊದಲು ಚುಕ್ಕಿಗಳನ್ನು ಒಂದರೊಳಗೊಂದು ಕರಗಿಸಬೇಕು. ಚಿತ್ರ ತಿದ್ದುವ ಗಿಂಪ್ ಅನ್ನುವ ಸಾಫ್ಟ್‌ವೇರ್ ಹಾಕಿಕೋ, ದುಡ್ಡಿಲ್ಲದೆ ಸಿಗುತ್ತದೆ. ಟಿಫ್‌ನ ನಕಲು ತೆರೆದು ಫೋಟೋ ಇರುವ ಭಾಗವನ್ನಷ್ಟೇ ಚೌಕ ಹಾಕಿ ಆರಿಸು. ಅಕ್ಷರದ ಭಾಗ ಸೇರಿಸಬೇಡ, ಸೇರಿದರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಆ ಚೌಕಕ್ಕೆ ಮಾತ್ರ ಮಸುಕು ಮಾಡುವ ಗಾಸಿಯನ್ ಬ್ಲರ್, ಅಳತೆ 3 ಅಥವಾ 3.5. ಚುಕ್ಕಿ ಏಳು ಪಿಕ್ಸೆಲ್ಲಿನದು, ಅದರ ಅರ್ಧದ ಹತ್ತಿರ ಬಂದರೆ ಸಾಕು. ಆ ಕ್ಷಣಕ್ಕೆ ಮಂಜು ಕವಿದ ಹಾಗೆ ಕಾಣುತ್ತದೆ. ಗಾಬರಿ ಬೇಡ. ಆಮೇಲೆ ಇಡೀ ಚಿತ್ರವನ್ನು 1000 ಪಿಕ್ಸೆಲ್ ಅಗಲಕ್ಕೆ ಇಳಿಸು, ಮಂಜು ಸರಿದು ಮುಖ ಕಾಣುತ್ತದೆ. ಕೊನೆಗೆ ಅನ್‌ಶಾರ್ಪ್ ಮಾಸ್ಕ್ (ಅಂಚು ಚುರುಕು ಮಾಡುವುದು) ಸ್ವಲ್ಪವೇ ಸ್ವಲ್ಪ.

ಮಂಜಿನ ಮಡಿಕೇರಿ

ಸರ್ ಹೇಳಿದ್ದು ಓದಿ ನಾನೂ ಕಲಿತೆ, ನನ್ನ 1200ರ ಸಲಹೆ ಬಿಟ್ಟುಬಿಡಿ. ಬಣ್ಣದ ಬದಲು ಗ್ರೇಸ್ಕೇಲ್ (ಕಪ್ಪು-ಬಿಳುಪು) ಮಾಡಿ, ವೆಬ್‌ಪಿ ಅಥವಾ ಜೆಪೆಗ್‌ನಲ್ಲಿ ಕ್ವಾಲಿಟಿ 80 ಇಟ್ಟು ಉಳಿಸಿ. ಅದಕ್ಕಿಂತ ಇಳಿಸಿದರೆ ಕನ್ನಡ ಅಕ್ಷರದ ಸುತ್ತ ಕೊಳೆ ಹಿಡಿದ ಹಾಗಾಗುತ್ತೆ. ಪುಟದಲ್ಲಿ 600 ಅಂತ ಗಟ್ಟಿಯಾಗಿ ಕೊಡೋ ಬದಲು ಮ್ಯಾಕ್ಸ್-ವಿಡ್ತ್ ನೂರು ಪರ್ಸೆಂಟ್, ಹೈಟ್ ಆಟೋ ಅಂತ ಕೊಡಿ, ಯಾವ ಫೋನಿನಲ್ಲೂ ಪಕ್ಕಕ್ಕೆ ಜಾರಲ್ಲ.

ಸುದ್ದಿಯ ಸಾಲುಗಳನ್ನು ಚಿತ್ರದ ಕೆಳಗೆ ಟೈಪ್ ಮಾಡಿಯೂ ಹಾಕಿ. ಚಿತ್ರದಲ್ಲಿರೋ ಅಕ್ಷರವನ್ನು ಹುಡುಕೋದು ಕಷ್ಟ. ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತೆ ಅಂತ ನಂಬೋಕೂ ಆಗಲ್ಲ.

ಬೇತ್ರಿ ಹೊಳೆ

ಚೌಕಳಿ ಹೋಯ್ತು!! ಫೈಲು 160 ಕೆಬಿಗೆ ಇಳಿದಿದೆ.

ಸುದ್ದಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪುಟಕ್ಕೆ ಅಂಟಿಸಿದೆ. ನನ್ನ ಕಂಪ್ಯೂಟರಿನಲ್ಲಿ ಕನ್ನಡ, ತಮ್ಮನ ಫೋನಿನಲ್ಲಿ ಇಂಗ್ಲಿಷ್ ಅಕ್ಷರದ ಮೇಲೆ ಗೀಟು, ಸೊನ್ನೆ ಹಾಕಿದ ಹಾಗೆ ಏನೇನೋ ಬರ್ತಿದೆ.

ಸೋಮವಾರಪೇಟೆ ಕಾಫಿ

ಇದು ಆಫೀಸಿನಲ್ಲಿ ನಮಗೆ ದಿನಾ ಬರೋ ತೊಂದರೆ. ನೀವು ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದರೊಳಗೆ ನಿಜವಾಗಿ ಇರೋದು ಇಂಗ್ಲಿಷ್ ಅಕ್ಷರದ ಸಂಕೇತವೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತೆ. ಮತ್ತೆ ಟೈಪ್ ಮಾಡಬೇಕಾಗಿಲ್ಲ, ಆಸ್ಕಿಯಿಂದ ಯೂನಿಕೋಡಿಗೆ (ಕನ್ನಡಕ್ಕೆ ತನ್ನದೇ ಸಂಕೇತ ಇರೋ ವ್ಯವಸ್ಥೆ) ಬದಲಾಯಿಸೋ ಪರಿವರ್ತಕಗಳಿವೆ, ಅದಕ್ಕೆ ಕೊಟ್ಟು ತೆಗೆಯಿರಿ. ಅರ್ಕಾವೊತ್ತು ಇರೋ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಿ ಎಡವಟ್ಟಾಗೋದುಂಟು. ಪುಟದ ತಲೆಯಲ್ಲಿ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಇದೆಯಾ ನೋಡಿ, ನೋಟ್‌ಪ್ಯಾಡಿನಲ್ಲಿ ಉಳಿಸುವಾಗಲೂ ಅದೇ ಆರಿಸಿ.

ಇನ್ನೊಂದು ವಿಷಯ ಅಕ್ಕ. ಪೇಪರಿನವರ ಅನುಮತಿ ಕೇಳಿದ್ದೀರಾ? ನಮ್ಮಪ್ಪ ಫೋಟೋದಲ್ಲಿದ್ದಾರೆ ಅಂದಮಾತ್ರಕ್ಕೆ ಫೋಟೋ ನಮ್ಮದಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋದ ಹಕ್ಕು ಮೊದಲು ಪ್ರಕಟವಾದ ಮರುವರ್ಷದ ಮೊದಲ ದಿನದಿಂದ 60 ವರ್ಷ ಇತ್ತು, 2012ರ ತಿದ್ದುಪಡಿ ಆದ ಮೇಲೆ ಫೋಟೋ ತೆಗೆದವರು ತೀರಿಹೋದ ಮರುವರ್ಷದಿಂದ 60 ವರ್ಷ. 1997ರದ್ದು ಅಂದರೆ ಕಡಿಮೆ ಅಂದರೂ 2057ರ ಕೊನೆವರೆಗೆ ಇದೆ. ಒಂದು ಕಾಗದ ಬರೆದು ಕೇಳಿಬಿಡಿ.

ಬೇತ್ರಿ ಹೊಳೆ

ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ಪತ್ರಿಕೆಯ ಆಫೀಸಿಗೆ ನಾನೇ ಹೋಗಿದ್ದೆ. ಸಂಪಾದಕರು ಕಟಿಂಗ್ ನೋಡಿ, ಪತ್ರಿಕೆ ಹೆಸರು, ತಾರೀಕು ಹಾಕಿ ಬಳಸಿಕೊಳ್ಳಿ ಅಂತ ಅಲ್ಲೇ ಬರೆದುಕೊಟ್ಟರು. ತಾರೀಕು ನಮ್ಮ ಕಟಿಂಗಿನಲ್ಲಿ ಇರಲೇ ಇಲ್ಲ, ಯಾರೋ ಪಕ್ಕದ ಸುದ್ದಿ ಉಳಿಸಿಕೊಂಡು ಫೋಟೋದ ಮೇಲೆ ಕೆಳಗೆ ಅಂಚಿಗೇ ಕತ್ತರಿ ಹಾಕಿದ್ದರು. ಅವರ ಹತ್ತಿರ ಹಳೇ ಸಂಚಿಕೆಗಳ ಬೈಂಡು ಇತ್ತು. ಆ ಬೇಸಿಗೆಯ ಪುಟಗಳನ್ನು ಒಂದೊಂದೇ ತಿರುವಿ ಹುಡುಕಿದೆವು. ಹಿಂದಿನ ಪುಟದ ಏಲಕ್ಕಿ ಧಾರಣೆ ನಮ್ಮ ಕಟಿಂಗಿಗೆ ತಾಳೆ ಹಾಕಿ ನೋಡಿ ಅದೇ ದಿನದ್ದು ಅಂತ ಖಾತ್ರಿ ಮಾಡಿಕೊಂಡೆ. ಬೈಂಡಿನಲ್ಲಿ ಫೋಟೋದ ಕೆಳಗೆ ಆಟಗಾರರ ಹೆಸರಿನ ಸಾಲೂ ಇತ್ತು, ನಮ್ಮದರಲ್ಲಿ ಅದೂ ಕತ್ತರಿಸಿಹೋಗಿತ್ತು. ಬರೆದುಕೊಂಡು ಬಂದೆ.

ನಿನ್ನೆ ಸಂಜೆ ಅಪ್ಪನಿಗೆ ಫೋನಿನಲ್ಲಿ ಪುಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ತನ್ನ ಮುಖ ನೋಡಿದ್ದು ಕಡಿಮೆ. ಹಿಂದಿನ ಸಾಲಿನಲ್ಲಿ ಎಡಗಡೆ ನಿಂತವರನ್ನು ತೋರಿಸಿ, ಇವನ ಸ್ಟಿಕ್ ಅವತ್ತು ಮುರಿದಿತ್ತು, ಕೈಯಲ್ಲಿ ಹಿಡಿದಿರೋದು ನನ್ನ ಹಳೇದು ಅಂದರು. ಆ ಮಾತನ್ನೂ ಚಿತ್ರದ ಕೆಳಗೆ ಸೇರಿಸಿದ್ದೀನಿ, ಯೂನಿಕೋಡಿನಲ್ಲೇ.